ತೀರ್ಥನ್ ದಂಡೆಯಲ್ಲಿ ಒಂದು ಸುಳ್ಳು ಹುಳ

ಜೂನ್ ಮೊದಲ ವಾರ, ಬೆಳಿಗ್ಗೆ ಆರೂವರೆ. ಹಿಮಾಚಲದ ಗುಶೈನಿಯಿಂದ ತುಸು ಮೇಲೆ, ತೀರ್ಥನ್ ಹೊಳೆಯ ದಂಡೆ. ನೀರು 11 ಡಿಗ್ರಿ. ಕೈ ಅದ್ದಿ ಹತ್ತು ಎಣಿಸುವಷ್ಟರಲ್ಲಿ ಬೆರಳು ಮರಗಟ್ಟುತ್ತದೆ. ತಳದ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದು, ಅಷ್ಟು ತಿಳಿ. ಈ ತಿಳಿ ಮಧ್ಯಾಹ್ನದವರೆಗೆ ಮಾತ್ರ. ಬಿಸಿಲಿಗೆ ಮೇಲೆ ಕರಗಿದ ಹಿಮ ಇಳಿಹೊತ್ತಿಗೆ ಇಲ್ಲಿಗೆ ಬಂದು ಮುಟ್ಟುತ್ತದೆ. ಆಗ ಹೊಳೆ ಉಬ್ಬಿ ಬೂದಿ ಕದಡಿದ ಹಾಗಾಗುತ್ತದೆ.

ನನ್ನ ಸಲಕರಣೆ ಹೇಳಿಕೊಳ್ಳುವಂಥದ್ದಲ್ಲ. ಹನ್ನೊಂದು ಅಡಿಯ ಬಿದಿರು ಕೋಲು, ಎರಡು ತುಂಡು. ನಡುವೆ ಜೋಡಿಸಲು ಹಿತ್ತಾಳೆಯ ಕೊಳವೆ, ಹಿಡಿಗೆ ಸೈಕಲ್ ಟ್ಯೂಬು. ರೀಲ್ ಇಲ್ಲ. ಚಿಕ್ಕಂದಿನಲ್ಲಿ ಊರ ಹಳ್ಳಕ್ಕೆ ಹಾಕುತ್ತಿದ್ದ ಗಾಳಕ್ಕೆ ಎರೆಹುಳ, ಬೆಂಡು, ಸೀಸದ ಗುಂಡು ಇರುತ್ತಿದ್ದವು. ಆ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಟ್ರೌಟ್ ಮೀನಿಗೆ ಕಟ್ಟುವ ಫ್ಲೈ, ಅಂದರೆ ಗರಿ-ನೂಲಿನ ಸುಳ್ಳು ಹುಳ, ಉಸಿರು ಬಿಟ್ಟರೆ ಹಾರುವಷ್ಟು ಹಗುರ. ಅದನ್ನು ಎಸೆಯಲಾಗದು, ದಾರವನ್ನು ಎಸೆಯಬೇಕು. ಹಾಗಾಗಿ ಮನೆಯಲ್ಲಿ ಬಾಗಿಲ ಚಿಲಕಕ್ಕೆ ನೈಲಾನ್ ಕಟ್ಟಿ ಹುರಿ ಹಾಕಿದೆ: ಕೋಲಿನ ಕಡೆ ಎಂಟು ಎಳೆ, ಆಮೇಲೆ ಆರು, ನಾಲ್ಕು, ಎರಡು, ತುದಿಯಲ್ಲಿ ಒಂಟಿ ಎಳೆ. ಚಾಟಿಯ ಹಾಗೆ ಬೀಸಿದರೆ ಅಲೆ ದಪ್ಪ ಕಡೆಯಿಂದ ಸಪೂರ ಕಡೆಗೆ ಓಡಿ, ಹುಳ ಎಲ್ಲಕ್ಕಿಂತ ಕಡೆಗೆ ನೀರಿಗೆ ಕೂರುತ್ತದೆ. ಕೂರಬೇಕು. ನನ್ನದು ಹತ್ತರಲ್ಲಿ ನಾಲ್ಕು ಸಲ ಕೂತಿತು.

ಗರಿ ನಾಟಿ ಹುಂಜದ ಕುತ್ತಿಗೆಯದು. ಇದೇನೂ ನನ್ನ ಬುದ್ಧಿವಂತಿಕೆಯಲ್ಲ. ಕ್ರಿ.ಶ. 200ರ ಸುಮಾರಿನಲ್ಲಿದ್ದ ರೋಮಿನ ಈಲಿಯನ್, ಮೆಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗಲ್ಲದ ಜೋಲಿನ ಕೆಳಗೆ ಬೆಳೆಯುವ ಎರಡು ಗರಿ ಸಿಕ್ಕಿಸಿ ಮೀನು ಹಿಡಿಯುವುದನ್ನು ಬರೆದಿಟ್ಟಿದ್ದಾನೆ. ನಿಜವಾದ ಹುಳವನ್ನೇ ಸಿಕ್ಕಿಸೋಣವೆಂದರೆ ಕೈ ತಾಗಿದೊಡನೆ ಅದರ ಬಣ್ಣ ಕೆಟ್ಟು ರೆಕ್ಕೆ ಮುದುಡುತ್ತದಂತೆ. ಅವರ ಕೋಲು ಆರು ಅಡಿ, ದಾರವೂ ಆರು ಅಡಿ.

ಎಂಟೂವರೆಯವರೆಗೆ ಏನೂ ಇಲ್ಲ. ಬಂಡೆಯ ಮೇಲೆ ಕಂದು ಡಿಪ್ಪರ್ ಹಕ್ಕಿಯೊಂದು ಕುಕ್ಕರಗಾಲಲ್ಲಿ ಎದ್ದು ಕೂತು ಮಾಡಿ, ಸೆಳವಿನೊಳಗೇ ಇಳಿದು, ಮಾರುದೂರದಲ್ಲಿ ಬಾಯಿತುಂಬ ಹುಳ ಹಿಡಿದು ಮೇಲೆದ್ದಿತು. ನನ್ನ ಜೊತೆ ಬಂದಿದ್ದ ಊರಿನ ಹುಡುಗ ನನ್ನ ಡಬ್ಬಿ ತೆರೆದು ನೋಡಿದ. ನವಿಲುಗರಿಯ ಹೊಟ್ಟೆ, ಜರಿಯ ಪಟ್ಟಿ, ದಟ್ಟ ಗರಿ. “ಭಾಯಿಜೀ, ಇದು ಹುಳವೋ ಮದುಮಗನ ಬಾಸಿಂಗವೋ?” ಅವನು ಅಂದದ್ದು ಸೆಹರಾ, ನನಗೆ ಕೇಳಿಸಿದ್ದು ಬಾಸಿಂಗ.

ಕೋಲು ಬದಿಗಿಟ್ಟು, ಪ್ಯಾಂಟು ಮಡಚಿ ನೀರಿನ ಕಲ್ಲುಗಳನ್ನು ಮಗುಚತೊಡಗಿದೆ. ಬಂದ ತಕ್ಷಣ ಮಾಡಬೇಕಿದ್ದ ಕೆಲಸ ಅದು. ಅಡಿಯಲ್ಲಿ ಮೇಫ್ಲೈ ಮರಿಗಳು, ಚಪ್ಪಟೆ ಮೈ, ಕೂದಲಿನಂಥ ಬಾಲ, ಅಕ್ಕಿಕಾಳಿಗಿಂತ ತುಸು ದೊಡ್ಡವು. ಪಕ್ಕದಲ್ಲೇ ಕ್ಯಾಡಿಸ್ ಮರಿ: ತನ್ನದೇ ರೇಷ್ಮೆಯಿಂದ ಮರಳುಕಣಗಳನ್ನು ಅಂಟಿಸಿ ಹೆಣೆದ ಕೊಳವೆಯೊಳಗೆ ಕೂತಿದೆ. ಅದರದೂ ಮನೆಯಲ್ಲೇ ಮಾಡಿಕೊಂಡ ಸಲಕರಣೆ, ನನ್ನದಕ್ಕಿಂತ ಎಷ್ಟೋ ಅಚ್ಚುಕಟ್ಟು. ಮೇಫ್ಲೈ ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುತ್ತದೆ. ಬೇರೆ ಯಾವ ಕೀಟವೂ ಹಾಗೆ ಮಾಡುವುದಿಲ್ಲ. ಪೂರ್ತಿ ಬೆಳೆದದ್ದಕ್ಕೆ ತಿನ್ನುವ ಬಾಯಿಯೇ ಇಲ್ಲ. ಕೂಡಿ, ಮೊಟ್ಟೆಯಿಟ್ಟು, ಒಂದೆರಡು ದಿನದಲ್ಲಿ ಮುಗಿಯಿತು.

ಅಲ್ಲಿಯೇ ಕೂತು ಉಗುರು ಕತ್ತರಿಯಿಂದ ಬಾಸಿಂಗ ಬಿಚ್ಚಿದೆ. ಜರಿ ಹೋಯಿತು, ಗರಿಯ ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಕಂದು ನೂಲು, ಐದಾರು ಎಳೆ. ಗಾತ್ರ ಮತ್ತು ಆಕಾರ ಸರಿಯಿದ್ದರೆ ಬಣ್ಣವನ್ನು ಮೀನು ಮನ್ನಿಸುತ್ತದೆ ಎಂಬುದು ನನ್ನ ಎಣಿಕೆ. ಅಂಗಡಿಯ ಬಣ್ಣದ ಹುಳಗಳು ಮೊದಲು ಹಿಡಿಯುವುದು ಮನುಷ್ಯರನ್ನು.

ಟ್ರೌಟ್ ಹರಿವಿಗೆ ಎದುರುಮುಖವಾಗಿ ಬಂಡೆಯ ಮರೆಯಲ್ಲಿ ನಿಲ್ಲುತ್ತದೆ. ಅಲ್ಲಿ ಈಜುವ ಶ್ರಮ ಕಡಿಮೆ, ಊಟ ತೇಲಿ ಬರುತ್ತದೆ. ನೀರೊಳಗಿನಿಂದ ಅದಕ್ಕೆ ಹೊರಜಗತ್ತು ಕಾಣುವುದು ತಲೆಯ ಮೇಲಿನ ಸುಮಾರು 97 ಡಿಗ್ರಿಯ ದುಂಡು ಕಿಂಡಿಯಲ್ಲಿ, ಆಚೆಯೆಲ್ಲ ಕನ್ನಡಿ. ಹೀಗಾಗಿ ಹಿಂದಿನಿಂದ, ಬಗ್ಗಿ, ಸದ್ದಿಲ್ಲದೆ ಹೋಗಬೇಕು. ಒಂಬತ್ತೂಕಾಲಿಗೆ ಬಂಡೆಯ ಅಂಚಿನಲ್ಲಿ ಹುಳ ತೇಲಿತು. ಒಂದು ಮೂತಿ ಮೇಲೆದ್ದು ಮುಚ್ಚಿಕೊಂಡಿತು, ಅಷ್ಟೆ. ಕೋಲು ಬಾಗಿತು.

ಒಂದೂವರೆ ಗೇಣಿನ ಕಂದು ಟ್ರೌಟ್. ಬೆಣ್ಣೆ ಬಣ್ಣದ ಹೊಟ್ಟೆ, ಪಕ್ಕೆಯಲ್ಲಿ ಕುಂಕುಮದ ಬೊಟ್ಟು, ಪ್ರತಿ ಬೊಟ್ಟಿನ ಸುತ್ತ ತೆಳು ಉಂಗುರ. ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಅದುಮಿದ್ದರಿಂದ ಸುಲಭವಾಗಿ ಕಳಚಿತು. ಒಣಗೈಯಲ್ಲಿ ಹಿಡಿದರೆ ಮೈಲೋಳೆ ಕಿತ್ತು ಬರುತ್ತದೆ. ಕೈ ಒದ್ದೆ ಮಾಡಿ ಹಿಡಿದು, ಹರಿವಿಗೆ ಮುಖ ಮಾಡಿಸಿ ಬಿಟ್ಟೆ.

ಬಿಟ್ಟದ್ದು ಸರಿಯೋ ಎಂಬ ಅನುಮಾನ ಇನ್ನೂ ಇದೆ. ಈ ಮೀನು ಇಲ್ಲಿಯದಲ್ಲ. 1900ರಲ್ಲಿ ಸ್ಕಾಟ್ಲೆಂಡಿನಿಂದ ಕಾಶ್ಮೀರಕ್ಕೆ ಮೊಟ್ಟೆಗಳಾಗಿ ಬಂತು. ಅಲ್ಲಿಂದ 1909ರಲ್ಲಿ ಕುಲ್ಲುವಿಗೆ ತಂದವನು ಹೊವೆಲ್ ಎಂಬ ಬ್ರಿಟಿಷ್ ಅಧಿಕಾರಿ. ಹೊಳೆಯ ಹಳೆಯ ಒಕ್ಕಲು ಸ್ನೋ ಟ್ರೌಟ್. ಹೆಸರಿಗೆ ಟ್ರೌಟ್, ಕುಲದಲ್ಲಿ ನಮ್ಮ ಗೆಂಡೆಯ ನೆಂಟ, ಕಲ್ಲಿನ ಪಾಚಿ ಕೆರೆದು ಬದುಕುವ ಸಾಧು. ಹೊಸಬನಿಗೆ ಹಲ್ಲಿದೆ, ಸಣ್ಣ ಮೀನೂ ಊಟವೇ. ಆ ದಿನ ಸ್ನೋ ಟ್ರೌಟ್ ನನಗೆ ಒಂದೂ ಕಾಣಲಿಲ್ಲ.

ಮೂರೂವರೆಗೆ ನೀರು ಬೂದಿಯಾಯಿತು. ಮೂರು ಮೀನು, ಮೂರೂ ವಾಪಸ್ಸು. ಐದು ಹುಳಗಳಲ್ಲಿ ಒಂದು ಆಲ್ಡರ್ ಮರದ ಕೊಂಬೆಗೆ ಸಿಕ್ಕಿತ್ತು. ಹುಡುಗ ಹತ್ತಿ ದಾರದ ಸಮೇತ ಬಿಡಿಸಿ ತಂದ. ನೀವು ಹೋಗುವುದಾದರೆ ಮೀನುಗಾರಿಕೆ ಇಲಾಖೆಯ ಪರವಾನಗಿ ಮೊದಲೇ ಮಾಡಿಸಿಕೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಗಾಳ ಹಾಕುವಂತಿಲ್ಲ. ಕೊಂಬೆಗೆ ಸಿಕ್ಕ ನೈಲಾನನ್ನು ಮಾತ್ರ ಬಿಟ್ಟು ಬರಬೇಡಿ, ಡಿಪ್ಪರ್ ಕಾಲಿಗೆ ಸುತ್ತಿಕೊಳ್ಳುತ್ತದೆ.