ಸಾಂಕ್ರಾಮಿಕ ಸೇವೆಯೂ ಪರಿಹಾರದ ಹಕ್ಕೂ

1898ರಲ್ಲಿ ಬೆಂಗಳೂರಿಗೆ ಪ್ಲೇಗುಮಾರಿ ಕಾಲಿಟ್ಟಾಗ, ಮನೆ ತೊರೆದು ಬಯಲಿನ ಗುಡಿಸಲು ಸೇರುವುದು ಪುರಜನರಿಗಿದ್ದ ದಾರಿ. ಡಾಕ್ಟರ್ ಪಲ್ಪು ಅವರಂತೆ ಪ್ಲೇಗು ಶಿಬಿರದ ಕೆಲಸ ಹೊತ್ತವರಿಗೆ ಆ ದಾರಿಯೂ ಇರಲಿಲ್ಲ. ಎಲ್ಲರೂ ರೋಗದಿಂದ ದೂರ ಸರಿಯುವಾಗ ಅದರ ಸಮೀಪಕ್ಕೆ ಹೋಗುವುದೇ ವೈದ್ಯಸೇವೆಯ ಧರ್ಮ. ಹಾಗೆ ಹೋಗಿ ರೋಗ ತಗುಲಿಸಿಕೊಂಡವರಿಗೆ ಸಮಾಜವು ಸಲ್ಲಿಸಬೇಕಾದುದೇನು?

ಇಲ್ಲಿ ಮೊದಲ ತೊಡಕು ಸಾಕ್ಷ್ಯದ್ದು. ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದರೆ ನೋಡಿದವರು ಇರುತ್ತಾರೆ. ರೋಗಾಣುವಾದರೋ ಕಣ್ಣಿಗೆ ಬೀಳುವಂಥದಲ್ಲ. ಅದು ಆಸ್ಪತ್ರೆಯ ವಾರ್ಡಿನಲ್ಲಿ ಅಂಟಿತೋ, ಸಂತೆಯಲ್ಲಿ ಅಂಟಿತೋ ಎಂಬುದನ್ನು ರೋಗಪೀಡಿತಳಾದ ದಾದಿ ಹೇಗೆ ತಾನೆ ರುಜುಪಡಿಸಿಯಾಳು?

ಈ ತೊಡಕನ್ನು ಕಾನೂನು ಒಂದು ಊಹೆಯಿಂದ ಬಿಡಿಸಿತು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ, ಸೋಂಕಿನ ವಿಶೇಷ ಭಯವುಳ್ಳ ಆರೋಗ್ಯ ಹಾಗೂ ಪ್ರಯೋಗಾಲಯದ ಕೆಲಸಗಳಿಂದ ಬರುವ ರೋಗಗಳು ಕಾಲಕ್ರಮದಲ್ಲಿ ವೃತ್ತಿರೋಗಗಳೆಂದು ಸೇರಿದವು. ಕಾಯಿದೆಗೆ ಒಳಪಟ್ಟ ನೌಕರನಿಗೆ ಅಂಥ ರೋಗ ಬಂದರೆ, ವಿರುದ್ಧವಾಗಿ ರುಜುವಾಗದ ಹೊರತು, ಅದು ಕೆಲಸದಿಂದಲೇ ಬಂದಿತೆಂದು ಎಣಿಸಬೇಕಾಗಿತ್ತು. ಅರ್ಥಾತ್, ರುಜುವಾತಿನ ಹೊರೆ ರೋಗಿಯ ಹೆಗಲಿನಿಂದ ಇಳಿಯಿತು.

2020ರಲ್ಲಿ ಕೋವಿಡ್ ಹಬ್ಬಿದಾಗ ಭಾರತ ಸರ್ಕಾರವು ಬೇರೊಂದು ಮಾರ್ಗ ಹಿಡಿಯಿತು. ಆ ವರ್ಷದ ಮಾರ್ಚ್ 30ರಿಂದ ಆರಂಭವಾದ ವಿಮಾ ಯೋಜನೆಯು ಸುಮಾರು 22 ಲಕ್ಷ ಆರೋಗ್ಯ ಕಾರ್ಯಕರ್ತರನ್ನು ಒಳಗೊಂಡಿತು. ವೈದ್ಯರು, ದಾದಿಯರು ಮಾತ್ರವಲ್ಲದೆ ಆಶಾ ಕಾರ್ಯಕರ್ತೆಯರೂ ಗುತ್ತಿಗೆಯ ನೌಕರರೂ ಅದರೊಳಗೆ ಬಂದರು. ಕರ್ತವ್ಯದಲ್ಲಿದ್ದು ಆ ರೋಗದಿಂದ ಮಡಿದವರ ಕುಟುಂಬಕ್ಕೆ 50 ಲಕ್ಷ ರೂಪಾಯಿಗಳೆಂದು ಗೊತ್ತಾಯಿತು. ದಿನಗೂಲಿಯವರಿಗೂ ದೊಡ್ಡ ವೈದ್ಯರಿಗೂ ಮೊತ್ತ ಒಂದೇ ಆದುದು ಅದರ ಹಿರಿಮೆ.

ಆದರೆ ಆ ಹಣ ಮರಣಕ್ಕೆ ಸಂದುದು, ಕಾಯಿಲೆಗಲ್ಲ. ಬದುಕಿ ಉಳಿದು, ಶ್ವಾಸಕೋಶದ ಬಲ ಕುಂದಿ, ತಿಂಗಳುಗಟ್ಟಲೆ ದುಡಿಯಲಾರದೆ ಹೋದವರಿಗೆ ಆ ಯೋಜನೆಯಲ್ಲಿ ಪಾಲಿರಲಿಲ್ಲ.

ಆದಕಾರಣ ಪರಿಪೂರ್ಣವಾದ ಪರಿಹಾರಕ್ಕೆ ನಾಲ್ಕು ಅಂಗಗಳು ಅವಶ್ಯ: ಚಿಕಿತ್ಸೆಯ ವೆಚ್ಚ, ಕಾಯಿಲೆಯ ಕಾಲದ ಸಂಬಳ, ಉಳಿದ ಅಂಗವೈಕಲ್ಯಕ್ಕೆ ತಕ್ಕ ಮೊತ್ತ, ಮೃತರ ಕುಟುಂಬಕ್ಕೆ ಆಸರೆ. ಇವುಗಳಲ್ಲಿ ಕಡೆಯದೊಂದನ್ನೇ ಕೊಟ್ಟರೆ ಸತ್ತವರನ್ನು ಗೌರವಿಸಿ ಬದುಕಿದವರನ್ನು ಮರೆತಂತಾಗುವುದು. ಇದು ದಾನವಲ್ಲ, ಋಣ. ಮಾರಿ ಬಂದ ಮೇಲೆ ಅವಸರದಲ್ಲಿ ಏರ್ಪಡಿಸುವುದಕ್ಕಿಂತ, ಬರುವ ಮೊದಲೇ ಆ ಋಣದ ಲೆಕ್ಕವನ್ನು ಬರೆದಿಡುವುದು ವಿವೇಕ.