ಅಮೆರಿಕದವರಿಗೂ ಅರ್ಥವಾಗದ ಇಂಗ್ಲಿಷು!

ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಹಾವೇರಿ ಜಿಲ್ಲೆಯ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಬಿಇ ಓದಲು ಬೆಂಗಳೂರಿಗೆ ಬಂದ ಮೇಲೆ ನನ್ನನ್ನು ಗಣಿತಕ್ಕಿಂತ ಹೆಚ್ಚು ಹೆದರಿಸಿದ್ದು ಹಾಸ್ಟೆಲ್ ರೂಮಿನ ಬ್ಲೂಟೂತ್ ಸ್ಪೀಕರ್!

ರೂಮ್‌ಮೇಟ್‌ಗಳು ಒಬ್ಬ ಮಂಗಳೂರಿನವನು, ಇನ್ನೊಬ್ಬ ಮೈಸೂರಿನವನು. ಇಬ್ಬರಿಗೂ ರಾಕ್ ಹುಚ್ಚು. ಹಾಡು ಶುರುವಾದರೆ ಕಣ್ಣು ಮುಚ್ಚಿಕೊಂಡು ಒಂದಕ್ಷರ ಬಿಡದೆ ಹಾಡುತ್ತಿದ್ದರು. ನನಗೋ ಕೋರಸ್ ಬಂದಾಗ ಮಾತ್ರ ಬಾಯಿ. ಅವರು ಮಲಗಿದ ಮೇಲೆ ಮೊಬೈಲ್‌ನಲ್ಲಿ ಲಿರಿಕ್ಸ್ ಹುಡುಕಿ, ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದೂ ಉಂಟು. ಇಂಟರ್ನಲ್ಸ್‌ಗೂ ಅಷ್ಟು ಓದಿರಲಿಲ್ಲ.

ಎರಡನೇ ಸೆಮಿಸ್ಟರ್‌ನ ಒಂದು ರಾತ್ರಿ ಮಂಗಳೂರಿನವನು ಹಳೆಯ ಆಲ್ಬಮ್ ಒಂದನ್ನು ಹಾಕಿದ. ಗಿಟಾರ್ ಝಣಝಣ ಅನ್ನುತ್ತಿತ್ತು, ಡ್ರಮ್ ಚುರುಕಾಗಿತ್ತು. ಹಾಡುವವನು ಮಾತ್ರ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡವನಂತೆ ಗೊಣಗುತ್ತಿದ್ದ. ಧೈರ್ಯ ಮಾಡಿ ‘ಏನೋ ಹೇಳ್ತಿದಾನೆ ಇವ್ನು?’ ಎಂದು ಕೇಳಿದೆ. ‘ಯಾರಿಗೆ ಗೊತ್ತು ಮಾರಾಯ? ಅಮೆರಿಕದವರಿಗೇ ಗೊತ್ತಾಗುವುದಿಲ್ಲ’ ಅಂದ. ನಾನು ಎದ್ದು ಕೂತೆ.

ಅದು ಆರ್.ಇ.ಎಂ. ಎಂಬ ಬ್ಯಾಂಡ್‌ನ ‘ಮರ್ಮರ್’. 1983ರ ಏಪ್ರಿಲ್‌ನಲ್ಲಿ ಬಂದ, ಅವರ ಮೊದಲ ಪೂರ್ಣ ಆಲ್ಬಮ್. ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಯೂನಿವರ್ಸಿಟಿ ಊರಿನ ನಾಲ್ವರು ಹುಡುಗರು ಕಟ್ಟಿದ ಬ್ಯಾಂಡ್ ಇದು. ಹಾಡುವ ಮೈಕಲ್ ಸ್ಟೈಪ್ ಚಿತ್ರಕಲೆಯ ವಿದ್ಯಾರ್ಥಿ. ಗಿಟಾರ್‌ನ ಪೀಟರ್ ಬಕ್ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಬಾಸ್‌ಗೆ ಮೈಕ್ ಮಿಲ್ಸ್, ಡ್ರಮ್‌ಗೆ ಬಿಲ್ ಬೆರಿ. 1980ರ ಏಪ್ರಿಲ್ 5ರಂದು ಒಂದು ಹಳೇ ಚರ್ಚ್ ಕಟ್ಟಡದಲ್ಲಿ ಗೆಳತಿಯೊಬ್ಬಳ ಬರ್ತ್‌ಡೇ ಪಾರ್ಟಿಗೆ ನುಡಿಸಿದ್ದೇ ಮೊದಲ ಕಾರ್ಯಕ್ರಮ. ಆಮೇಲೆ ಕಾಲೇಜು ಬಿಟ್ಟರು. (ಈ ವಾಕ್ಯ ನಮ್ಮಪ್ಪನ ಕಣ್ಣಿಗೆ ಬೀಳದಿರಲಿ.)

ಹಾಡಿನ ಮಾತು ಸ್ಪಷ್ಟವಿಲ್ಲದಿರುವುದು ಅವರು ಬೇಕೆಂದೇ ಇಟ್ಟುಕೊಂಡದ್ದು. ಸ್ಟೈಪ್‌ನ ದನಿಯನ್ನು ಗಿಟಾರ್, ಬಾಸ್‌ಗಳ ಮೇಲೆ ಎತ್ತಿ ಕೂರಿಸದೆ ಅವುಗಳ ನಡುವೆಯೇ ಬಿಟ್ಟಿದ್ದಾರೆ. ರೆಕಾರ್ಡಿಂಗ್ ಹೊತ್ತಿನಲ್ಲಿ ಅವನು ಯಾರ ಕಣ್ಣಿಗೂ ಬೀಳದಂತೆ ಸ್ಟುಡಿಯೊ ಪಕ್ಕದ ಕತ್ತಲ ಮೆಟ್ಟಿಲ ಬಳಿ ನಿಂತು ಹಾಡಿದನಂತೆ. ಆಲ್ಬಮ್ ಜತೆ ಸಾಹಿತ್ಯ ಅಚ್ಚು ಹಾಕುವ ಪದ್ಧತಿಯನ್ನೂ ಇವರು ಪಾಲಿಸಲಿಲ್ಲ. ಪೂರ್ತಿ ಸಾಹಿತ್ಯ ಅಚ್ಚಾಗಿದ್ದು 1998ರ ‘ಅಪ್’ ಆಲ್ಬಮ್‌ನಲ್ಲಿ, ಅಂದರೆ ಹದಿನೈದು ವರ್ಷಗಳ ನಂತರ!

ಹೆಸರೂ ನನಗೆ ಹತ್ತಿರವೇ. ಇಂಗ್ಲಿಷಿನಲ್ಲಿ ‘ಮರ್ಮರ್’ ಅಂದರೆ ಗೊಣಗಾಟ. ನಮ್ಮ ಕನ್ನಡ ಮೇಷ್ಟ್ರು ‘ಮರ್ಮರ’ ಅಂದರೆ ಎಲೆಗಳ ಸದ್ದು ಎಂದು ಹೇಳಿಕೊಟ್ಟಿದ್ದರು. ಆಲ್ಬಮ್‌ನ ಮುಖಪುಟ ನೋಡಿದರೆ ಮೇಷ್ಟ್ರ ಅರ್ಥವೇ ಸರಿ ಅನ್ನಿಸುತ್ತದೆ. ತುಂಬ ಬಳ್ಳಿ, ಬರೀ ಬಳ್ಳಿ. ಅದು ಕುಡ್ಜು. ಜಪಾನಿನಿಂದ ಬಂದು, ನಮ್ಮ ಕಾಡುಗಳಲ್ಲಿ ಲಂಟಾನ ಹಬ್ಬಿದಂತೆ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಮುಚ್ಚಿರುವ ಕಳೆ.

ಆದರೆ ನನಗೆ ಈ ಆಲ್ಬಮ್ ಅಂಟಿಕೊಳ್ಳಲು ಇನ್ನೊಂದು ಕಾರಣವಿದೆ. ಅದು ಡ್ರಮ್ಮರ್‌ನ ಕಥೆ.

ನಮ್ಮೂರ ಭಜನಾ ಮೇಳದಲ್ಲಿ ನಾನು ತಬಲಾ ನುಡಿಸುತ್ತಿದ್ದೆ. ಅದನ್ನು ಕೇಳಿಸಿಕೊಂಡ ಸೀನಿಯರ್‌ಗಳು ನನ್ನನ್ನು ಕಾಲೇಜು ಬ್ಯಾಂಡ್‌ನ ಡ್ರಮ್ ಸೆಟ್ ಮುಂದೆ ಕೂರಿಸಿದರು. ಹೋದ ವರ್ಷ ಎಲ್ಲರೂ ದುಡ್ಡು ಹಾಕಿ ಒಂದು ಹಾಡು ರೆಕಾರ್ಡ್ ಮಾಡಲು ಸ್ಟುಡಿಯೊಗೆ ಹೋದೆವು. ಅಲ್ಲಿ ಹೆಡ್‌ಫೋನ್‌ನಲ್ಲಿ ‘ಕ್ಲಿಕ್’ ಹಾಕಿದರು. ಗಡಿಯಾರದಂತೆ ಟಕ್ ಟಕ್ ಅನ್ನುವ ಸದ್ದು, ಅದಕ್ಕೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಬಾರಿಸಬೇಕು. ಭಜನೆಯಲ್ಲಿ ಪದ ಏರಿದಂತೆ ಲಯವೂ ಏರುತ್ತದೆ, ನನ್ನ ಕೈಗೆ ಗೊತ್ತಿದ್ದದ್ದು ಅದೇ. ಒಂಬತ್ತು ಟೇಕ್ ಆಯಿತು. ಹತ್ತನೆಯದರ ಹೊತ್ತಿಗೆ ಕೈ ನಡುಗುತ್ತಿತ್ತು. ‘ಪರವಾಗಿಲ್ಲ ಬ್ರೋ, ಪ್ರೋಗ್ರಾಂ ಮಾಡಿ ಹಾಕ್ಕೊಳ್ತೀವಿ’ ಅಂದರು. ಹಾಡು ಚೆನ್ನಾಗಿಯೇ ಬಂತು. ಕೆಳಗೆ ನನ್ನ ಹೆಸರೂ ಇದೆ. ಒಂದು ಏಟೂ ನನ್ನದಲ್ಲ.

ಬಿಲ್ ಬೆರಿಗೂ ಹೀಗೇ ಆಗಿತ್ತೆಂದು ಓದಿದಾಗ ಆ ಪುಟವನ್ನು ನಾಲ್ಕು ಸಲ ಓದಿದೆ. ‘ಮರ್ಮರ್’ಗೆ ಮೊದಲು ಐ.ಆರ್.ಎಸ್. ಎಂಬ ರೆಕಾರ್ಡ್ ಕಂಪನಿ ಇವರನ್ನು ಸ್ಟೀಫನ್ ಹೇಗ್ ಎಂಬ ನಿರ್ಮಾಪಕರ ಕೈಗೆ ಒಪ್ಪಿಸಿತ್ತು. ಹೇಗ್ ಅವರದ್ದು ತಾಂತ್ರಿಕ ಶಿಸ್ತು. ಕ್ಲಿಕ್ ಹಾಕಿ ಒಂದೇ ಹಾಡನ್ನು ಟೇಕ್ ಮೇಲೆ ಟೇಕ್ ತೆಗೆಸಿದರು. ಬೆರಿ ಕುಗ್ಗಿಹೋದ. ಮೇಲಾಗಿ ಟೇಪಿಗೆ ಬ್ಯಾಂಡನ್ನು ಕೇಳದೆ ಕೀಬೋರ್ಡ್ ಸೇರಿಸಲಾಯಿತು. ಆಗ ನಾಲ್ವರೂ ಒಟ್ಟಾಗಿ ಕಂಪನಿಯ ಮುಂದೆ ನಿಂತು, ನಮ್ಮ ಹಳೇ ನಿರ್ಮಾಪಕ ಮಿಚ್ ಈಸ್ಟರ್ ಅವರೇ ಬೇಕು ಅಂದರು. ಈಸ್ಟರ್ ಅವರ ಸ್ಟುಡಿಯೊ ಅಂದರೆ ಅಪ್ಪ–ಅಮ್ಮನ ಮನೆಯ ಗ್ಯಾರೇಜು! ಪರೀಕ್ಷೆಗೆಂದು ಒಂದು ಹಾಡು ಮಾಡಿ ತೋರಿಸಿದ ಮೇಲೆ ಕಂಪನಿ ಒಪ್ಪಿತು. ಈಸ್ಟರ್ ಜತೆ ಡಾನ್ ಡಿಕ್ಸನ್ ಸೇರಿಕೊಂಡರು. ಷಾರ್ಲಟ್ ನಗರದ ರಿಫ್ಲೆಕ್ಷನ್ ಸ್ಟುಡಿಯೊದಲ್ಲಿ 1983ರ ಆರಂಭದಲ್ಲಿ ರೆಕಾರ್ಡಿಂಗ್ ನಡೆಯಿತು.

ಡ್ರಮ್ಮರ್ ಪರವಾಗಿ ಉಳಿದ ಮೂವರು ನಿಂತರಲ್ಲ, ನನಗೆ ಹೊಟ್ಟೆಕಿಚ್ಚಾಗಿದ್ದು ಅಲ್ಲಿ. ಎಲ್ಲ ಹಾಡುಗಳಿಗೂ ನಾಲ್ವರ ಹೆಸರನ್ನು ಸಮನಾಗಿ ಹಾಕುತ್ತಿದ್ದ ಬ್ಯಾಂಡ್ ಅದು. ಯಾರು ಎಷ್ಟು ಬರೆದರು ಎಂಬ ಲೆಕ್ಕವಿಲ್ಲ.

ಆಲ್ಬಮ್ ತುಂಬ ಹುಡುಗಾಟಗಳೂ ಇವೆ. ‘ವಿ ವಾಕ್’ ಹಾಡಿನ ಹಿಂದೆ ಗುಡುಗಿನಂಥ ಸದ್ದು ಕೇಳುತ್ತದೆ. ಅದು ಬಿಲಿಯರ್ಡ್ಸ್ ಚೆಂಡುಗಳು ಡಿಕ್ಕಿ ಹೊಡೆಯುವುದನ್ನು ರೆಕಾರ್ಡ್ ಮಾಡಿ ನಿಧಾನಗೊಳಿಸಿದ್ದು. ಹಾಡು ನನಗೆ ಅಷ್ಟಕ್ಕಷ್ಟೆ, ಗುಡುಗು ಮಾತ್ರ ಇಷ್ಟ. ‘ಪರ್ಫೆಕ್ಟ್ ಸರ್ಕಲ್’ ಆದರೆ ಎಷ್ಟು ಸಲ ಬೇಕಾದರೂ ಕೇಳುತ್ತೇನೆ.

ಇಂಥ ಗೊಣಗಾಟ ಜನರನ್ನು ತಲುಪಿದ್ದು ಹೇಗೆ? ಕಾಲೇಜು ರೇಡಿಯೊದಿಂದ. ವಿದ್ಯಾರ್ಥಿಗಳೇ ನಡೆಸುವ, ಜಾಹೀರಾತಿನ ಹಂಗಿಲ್ಲದ ಪುಟ್ಟ ಎಫ್‌.ಎಂ. ಕೇಂದ್ರಗಳವು. ದೊಡ್ಡ ಕೇಂದ್ರಗಳು ಹಿಟ್ ಹಾಡುಗಳನ್ನೇ ಉರುಳಿಸುತ್ತಿದ್ದಾಗ ಈ ಹುಡುಗ–ಹುಡುಗಿಯರು ತಮಗೆ ಇಷ್ಟವಾದದ್ದನ್ನು ಹಾಕುತ್ತಿದ್ದರು. ‘ಕಾಲೇಜ್ ರಾಕ್’ ಎಂಬ ಹೆಸರು ಬಂದದ್ದೇ ಹಾಗೆ. ‘ಮರ್ಮರ್’ ಅಮೆರಿಕದ ಪಟ್ಟಿಯಲ್ಲಿ 36ನೇ ಸ್ಥಾನದವರೆಗೆ ಏರಿತು, ಆ ವರ್ಷದ ಕೊನೆಗೆ ಸುಮಾರು 2 ಲಕ್ಷ ಪ್ರತಿ ಹೋಗಿತ್ತು. ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ಮುಂದೆ ಇದು ಏನೂ ಅಲ್ಲ. ಆದರೂ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ಆ ವರ್ಷದ ಶ್ರೇಷ್ಠ ಆಲ್ಬಮ್ ಎಂದು ಆರಿಸಿದ್ದು ‘ಥ್ರಿಲ್ಲರ್’ ಅನ್ನಲ್ಲ, ಇದನ್ನು. ದುಡ್ಡು, ಹಿಟ್‌ಗಳೆಲ್ಲ 1987ರ ‘ಡಾಕ್ಯುಮೆಂಟ್’ ನಂತರದ ಮಾತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಜ್ಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಅಜ್ಜ ಶಿಶುನಾಳ ಷರೀಫರ ತತ್ವಪದ ಹಾಡುವವನು. ಚಿಕ್ಕವನಿದ್ದಾಗ ನಾನು ಅರ್ಥ ಕೇಳಿದರೆ ‘ಮೊದ್ಲ ಹಾಡೋ ತಮ್ಮಾ, ಅರ್ಥ ಆಮ್ಯಾಲೆ ಬರ್ತೈತಿ’ ಅನ್ನುತ್ತಿದ್ದ. ಮೊದಲ ಹಾಡು ಪೂರ್ತಿ ಕೇಳಿದ. ತೊಡೆಯ ಮೇಲೆ ಬೆರಳು ಕುಣಿಯುತ್ತಿತ್ತು.

‘ಏನಂತಾನೋ?’

‘ಗೊತ್ತಿಲ್ಲಜ್ಜ.’

‘ಡೋಲು ಬಡಿಯಾಂವ ಚಲೋ ಅದಾನ’ ಅಂದ.

ಮುಂದಿನ ತಿಂಗಳು ನಮ್ಮ ಬ್ಯಾಂಡ್ ಮತ್ತೆ ಸ್ಟುಡಿಯೊಗೆ ಹೋಗುತ್ತಿದೆ. ಈ ಸಲ ಕನ್ನಡ ಹಾಡು. ‘ಕ್ಲಿಕ್ ಇಲ್ಲದೆ ನುಡಿಸ್ತೀನಿ, ತಪ್ಪಾದರೂ ನನ್ನದೇ ಇರಲಿ’ ಎಂದು ಗ್ರೂಪ್‌ನಲ್ಲಿ ಮೆಸೇಜ್ ಹಾಕಿ ಮೂರು ದಿನವಾಯಿತು. ನಾಲ್ಕೂ ಜನ ನೋಡಿದ್ದಾರೆ. ಬಾಸ್ ನುಡಿಸುವ ಹುಡುಗಿ ಮಾತ್ರ ‘ಓಕೆ’ ಅಂದಿದ್ದಾಳೆ.