ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳುವ ವಿಚಾರ

ಸ್ಪೋರ್ಟ್ಸ್ ಕಾರೆಂದರೆ ಅತಿವೇಗವಾಗಿ ಓಡುವ ಕಾರೆಂಬುದು ಬಹುಮಂದಿಯ ತಿಳಿವಳಿಕೆ. ಹಳೆಯ ಕಾರುಗಳ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1945ರಿಂದ 1949ರವರೆಗೆ ಸುಮಾರು ಹತ್ತು ಸಾವಿರದಷ್ಟು ತಯಾರಾದ ಎಂ.ಜಿ. ಟಿ.ಸಿ. ಎಂಬ ಕಾರನ್ನೇ ತೆಗೆದುಕೊಳ್ಳೋಣ. ಅದರ ಎಂಜಿನ್ನು 1250 ಸಿ.ಸಿ.ಯದು, ಬಲ 54 ಅಶ್ವಶಕ್ತಿ, ಎಷ್ಟು ಒತ್ತಿದರೂ ಗಂಟೆಗೆ 125 ಕಿಲೋಮೀಟರುಗಳ ಆಚೆಗೆ ಹೋಗಲಾರದು. ನಿಪ್ಪಾಣಿಯ ಹೆದ್ದಾರಿಯಲ್ಲಿ ಇಂದು ಓಡಾಡುವ ಬಾಡಿಗೆಯ ಕಾರು ಕೂಡ ಅದನ್ನು ಸಲೀಸಾಗಿ ಹಿಂದೆ ಹಾಕಬಲ್ಲುದು. ಆದರೂ ಜಗತ್ತಿನಾದ್ಯಂತ ಜನರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಏತಕ್ಕೆಂದರೆ, ಅದು ಹಗುರ, ನೆಲಕ್ಕೆ ಸಮೀಪ, ಇಬ್ಬರಿಗೆ ಮಾತ್ರ ಸ್ಥಳ, ತಲೆಯ ಮೇಲೆ ಸೂರಿಲ್ಲ. ರಸ್ತೆಯ ಪ್ರತಿಯೊಂದು ತಿರುವೂ ಚಾಲಕನ ಅಂಗೈಗೆ ತಿಳಿಯುತ್ತದೆ. ಅರವತ್ತು ಕಿಲೋಮೀಟರು ವೇಗದಲ್ಲಿಯೇ ನೂರರ ಉಲ್ಲಾಸವನ್ನು ಕೊಡುವುದೇ ಆ ಗಾಡಿಯ ಗುಣ. ಇದನ್ನು ಅರಿಯದೆ ಕೇವಲ ವೇಗದ ಆಸೆಯಿಂದ ಹಳೆಯ ಕಾರನ್ನು ಕೊಂಡವರು ತಿಂಗಳೊಪ್ಪತ್ತಿನಲ್ಲಿ ಮಾರಾಟಕ್ಕೆ ನಿಲ್ಲುವುದನ್ನು ನಾವು ಕಂಡಿದ್ದೇವೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಂತಹ ಕಬ್ಬು ತಂಬಾಕುಗಳ ಸೀಮೆಗೆ ಇಂಥ ವಸ್ತುವಿನ ಮಾತೇಕೆ ಎಂದು ಕೇಳಬಹುದು. ಆದರೆ ಮೋಟಾರಿನ ಹುಚ್ಚು ನಮ್ಮ ಕಡೆಗೆ ಹೊಸದೇನೂ ಅಲ್ಲ. ನಿಪ್ಪಾಣಿಯಿಂದ ನಲವತ್ತು ಕಿಲೋಮೀಟರು ದೂರದ ಕೊಲ್ಹಾಪುರದ ರಾಜಮನೆತನದ ಮೇಬ್ಯಾಕ್ ಕಾರು ದಸರೆಯ ದಿನ ಬೀದಿಗೆ ಬಂದಾಗ ಅದನ್ನು ನೋಡಲು ಗಡಿಯ ಎರಡೂ ಬದಿಯ ಜನ ನೆರೆಯುತ್ತಾರೆ. 1954ರಲ್ಲಿ ಬಂದ ಫಿಯಟ್ ಕಾರಿಗೆ ‘ಡುಕ್ಕರ್ ಫಿಯಟ್’ ಎಂಬ ಅಡ್ಡಹೆಸರನ್ನು ಮರಾಠಿಯವರಿಟ್ಟರು. ಅಂದರೆ ಹಂದಿ ಫಿಯಟ್ಟು. ಪ್ರೀತಿಯಿಲ್ಲದ ವಸ್ತುವಿಗೆ ಯಾರೂ ಇಷ್ಟು ಸಲಿಗೆಯ ಹೆಸರನ್ನಿಡುವುದಿಲ್ಲ.

ಮೊದಲ ಸಲ ಕೊಳ್ಳುವವರಿಗೆ ಯಾವ ಕಾರು ತಕ್ಕುದು? ಎಂ.ಜಿ.ಗಳು ನಮ್ಮ ದೇಶದಲ್ಲಿ ವಿರಳ, ಬೆಲೆಯೂ ಹೆಚ್ಚು. ಅವು ಸಿಕ್ಕರೂ ಬಹುಮಟ್ಟಿಗೆ ಮುಂಬಯಿ, ಪುಣೆಗಳಂತಹ ಪಟ್ಟಣಗಳ ಸಂಗ್ರಹಕಾರರ ಕೈಯಲ್ಲಿರುತ್ತವೆ. ನಮ್ಮ ಅಭಿಪ್ರಾಯದಲ್ಲಿ ಹೊಸಬರಿಗೆ ಸ್ಟಾಂಡರ್ಡ್ ಹೆರಾಲ್ಡ್ ಒಳ್ಳೆಯ ಪಾಠಶಾಲೆ. ಮದರಾಸಿನ ಸ್ಟಾಂಡರ್ಡ್ ಕಂಪೆನಿಯವರು 1961ರಿಂದ 1971ರವರೆಗೆ ಇದನ್ನು ತಯಾರಿಸಿದರು. ಇದು ಶುದ್ಧ ಸ್ಪೋರ್ಟ್ಸ್ ಕಾರಲ್ಲವೆಂದು ಬಲ್ಲವರು ಮೂಗು ಮುರಿಯುವುದುಂಟು. ಆದರೆ ಇಂಗ್ಲೆಂಡಿನಲ್ಲಿ 1962ರಲ್ಲಿ ಹೊರಟ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಅಚ್ಚ ಸ್ಪೋರ್ಟ್ಸ್ ಕಾರಿಗೆ ಆಧಾರವಾದದ್ದು ಇದೇ ಹೆರಾಲ್ಡಿನ ಷಾಸಿ; ಅದನ್ನು ಮೋಟುಗೊಳಿಸಿ ಬಳಸಿದರು, ಅಷ್ಟೆ. ಎರಡೂ ಕಾರುಗಳ ಆಕಾರವನ್ನು ರೂಪಿಸಿದವನು ಇಟಲಿಯ ಮಿಕೆಲೊಟ್ಟಿ ಎಂಬ ಒಬ್ಬನೇ ಶಿಲ್ಪಿ. ಹೆರಾಲ್ಡಿನ ಮುಂಭಾಗವೆಲ್ಲ ಒಂದೇ ಮುಚ್ಚಳದಂತೆ ಮುಂದಕ್ಕೆ ತೆರೆದುಕೊಳ್ಳುವುದರಿಂದ, ಮುಂದಿನ ಚಕ್ರದ ಮೇಲೆ ಕುಳಿತುಕೊಂಡೇ ಎಂಜಿನ್ನನ್ನು ಬಿಚ್ಚಿ ಜೋಡಿಸಬಹುದು. ಕಲಿಯುವವನಿಗೆ ಇದಕ್ಕಿಂತ ಉಪಕಾರವಾವುದು? 1990ರ ದಶಕದ ಕೊನೆಯಲ್ಲಿ ಬಂದ ಸ್ಯಾನ್ ಸ್ಟಾರ್ಮ್ ಎಂಬ ಇಬ್ಬರ ಕಾರೂ ಅಲ್ಲೊಂದು ಇಲ್ಲೊಂದು ಮಾರಾಟಕ್ಕೆ ಬರುತ್ತದೆ. ಅದರ ಮೈ ಫೈಬರಿನದಾದುದರಿಂದ ತುಕ್ಕಿನ ಚಿಂತೆಯಿಲ್ಲ. ಆದರೆ ತಯಾರಾದವೇ ಕೆಲವಾದ ಕಾರಣ ಬಿಡಿಭಾಗಗಳ ಚಿಂತೆ ಹೆಚ್ಚು.

ಕಾರನ್ನು ನೋಡುವ ಮೊದಲು ಕಾಗದಗಳನ್ನು ನೋಡತಕ್ಕದ್ದು. ಬೇರೆಡೆ ಇದು ಬುದ್ಧಿವಾದ. ಗಡಿನಾಡಿನಲ್ಲಿ ಇದು ಪ್ರಾಣರಕ್ಷಣೆ. ರಾಯಬಾಗದ ಒಂದು ಕಾರನ್ನು ಊಹಿಸಿಕೊಳ್ಳಿ. ಅದು ಹುಟ್ಟಿದಾಗ ಆ ಊರು ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1949ರಲ್ಲಿ ಸಂಸ್ಥಾನವು ಮುಂಬಯಿ ಆಡಳಿತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಊರು ಮೈಸೂರು ರಾಜ್ಯಕ್ಕೆ ಬಂದಿತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು. ಕಾರು ಕೊಟ್ಟಿಗೆಯಿಂದ ಒಂದು ಗೇಣೂ ಕದಲದೆ ಅದರ ಕಡತ ಮಾತ್ರ ಕಚೇರಿಯಿಂದ ಕಚೇರಿಗೆ ತಿರುಗಿರಬಹುದು. ಇಂಥ ಕಾರಿನ ನೋಂದಣಿ ಪತ್ರದಲ್ಲಿ ಅಕ್ಷರ ತಪ್ಪಿರುವುದು, ಎಂಜಿನ್ ಸಂಖ್ಯೆ ಬದಲಾಗಿರುವುದು, ಮೂರು ತಲೆಮಾರುಗಳ ಹಿಂದೆ ತೀರಿಕೊಂಡವರ ಹೆಸರೇ ಉಳಿದಿರುವುದು, ಯಾವುದೂ ಆಶ್ಚರ್ಯವಲ್ಲ. ಒಡೆಯರು ತೀರಿಕೊಂಡಿದ್ದರೆ ಎಲ್ಲ ವಾರಸುದಾರರ ಒಪ್ಪಿಗೆಯನ್ನೂ ಪಡೆದ ಹೊರತು ಮುಂಗಡವನ್ನು ಕೊಡಬಾರದು. ಅಣ್ಣನು ಮಾರಿದ ಕಾರನ್ನು ತಮ್ಮನು ಬಂದು ನಿಲ್ಲಿಸಿದರೆ ಕೊಂಡವನ ಗತಿಯೇನು?

ಷಾಸಿಯ ಮೇಲೆ ಕೊರೆದಿರುವ ಸಂಖ್ಯೆಯನ್ನು ತಾವೇ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಅದನ್ನು ನೋಂದಣಿ ಪತ್ರದೊಡನೆ ಹೋಲಿಸಿ ನೋಡಬೇಕು. ಒಂದು ಅಂಕಿ ವ್ಯತ್ಯಾಸವಾದರೂ ಅಲ್ಲಿಗೆ ನಿಲ್ಲಿಸಬೇಕು. ‘ಆಮೇಲೆ ಸರಿಪಡಿಸಿಕೊಳ್ಳಬಹುದು’ ಎಂಬ ಮಾತನ್ನು ಮಾರುವವರೆಲ್ಲರೂ ಹೇಳುತ್ತಾರೆ. ಅಷ್ಟು ಸುಲಭವಾಗಿದ್ದರೆ ಅವರೇ ಸರಿಪಡಿಸಿ ಇನ್ನಷ್ಟು ಬೆಲೆಗೆ ಮಾರುತ್ತಿದ್ದರು.

ಕೊಲ್ಹಾಪುರ, ಸಾಂಗಲಿ, ಮಿರಜಗಳಲ್ಲಿ ಕಾರು ಕೊಳ್ಳುವುದು ನಮ್ಮವರಿಗೆ ಪಕ್ಕದ ಸಂತೆಗೆ ಹೋದಷ್ಟು ಸಹಜ. ಕಾಗವಾಡದವರಿಗಂತೂ ಬೆಳಗಾವಿಗಿಂತ ಮಿರಜವೇ ಹತ್ತಿರ. ಆದರೆ ಕಾಯಿದೆಯ ಕಣ್ಣಿಗೆ ಅದು ಪರರಾಜ್ಯ. ಎಂ.ಎಚ್. 09 ಅಥವಾ ಎಂ.ಎಚ್. 10 ಎಂಬ ಫಲಕವುಳ್ಳ ಕಾರನ್ನು ತಂದರೆ, ಆ ಕಚೇರಿಯ ನಿರಾಕ್ಷೇಪಣಾ ಪತ್ರವನ್ನು ಪಡೆದು, ನಮ್ಮ ರಾಜ್ಯದ ತೆರಿಗೆಯನ್ನು ಕಟ್ಟಿ, ಚಿಕ್ಕೋಡಿಯ ಕಚೇರಿಯಲ್ಲಿ ಕೆ.ಎ. 23ರ ಸಂಖ್ಯೆಯನ್ನು ಪಡೆಯಬೇಕು. 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿಟ್ಟ ಗಾಡಿಗೆ ಆ ರಾಜ್ಯದ ಹೊಸ ಸಂಖ್ಯೆ ಕಡ್ಡಾಯ. ಕೊಂಡವರು ಮೂವತ್ತು ದಿನಗಳೊಳಗೆ ವರ್ಗಾವಣೆಯನ್ನು ತಿಳಿಸಬೇಕೆಂಬುದೂ ಅದೇ ಕಾಯಿದೆಯ ವಿಧಿ.

ಇನ್ನೊಂದು ಹೊಸ ನಿಯಮವುಂಟು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿಂಟೇಜ್’ ಎಂಬ ಬೇರೊಂದು ವರ್ಗವನ್ನು ಮಾಡಿತು. ಇವುಗಳ ಫಲಕದಲ್ಲಿ ರಾಜ್ಯದ ಅಕ್ಷರಗಳ ಮುಂದೆ ವಿ.ಎ. ಎಂಬ ಎರಡಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ಅವಧಿ, ಮರುನೋಂದಣಿಗೆ 5,000 ರೂಪಾಯಿ ಎಂದು ಅಂದು ಗೊತ್ತುಪಡಿಸಿದರು. ಗೌರವದ ಫಲಕವೆಂದು ಅವಸರಪಡಬಾರದು. ಆ ವರ್ಗದ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲು ಹಾಕಿಸುವುದಕ್ಕೆ ಒಯ್ಯಬಹುದೇ ಹೊರತು ದಿನನಿತ್ಯದ ಸಂಚಾರಕ್ಕೆ ಬಳಸುವಂತಿಲ್ಲ. ವಾರಕ್ಕೊಮ್ಮೆಯಾದರೂ ಕಾರನ್ನು ತಿರುಗಾಡಲು ಒಯ್ಯಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಜೀವಂತವಾಗಿಟ್ಟುಕೊಳ್ಳುವುದು ಲೇಸು.

ಕಾಗದ ಸರಿಯಿದ್ದಲ್ಲಿ ಕಾರಿನ ಬಳಿಗೆ ಹೋಗೋಣ. ನಮ್ಮ ಸೀಮೆಯಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಯಂತ್ರದ್ದಲ್ಲ, ನೀರಿನದು: 2019ರ ಆಗಸ್ಟಿನಲ್ಲಿ ಈ ಗಾಡಿ ಎಲ್ಲಿತ್ತು? 2021ರ ಜುಲೈಯಲ್ಲಿ ಎಲ್ಲಿತ್ತು? ಕೃಷ್ಣೆ, ಪಂಚಗಂಗೆ, ದೂಧಗಂಗೆ, ವೇದಗಂಗೆಗಳು ಉಕ್ಕಿದ ಆ ಎರಡು ಮಳೆಗಾಲಗಳಲ್ಲಿ ಸಾಂಗಲಿ, ಕೊಲ್ಹಾಪುರಗಳ ಬೀದಿಗಳೂ ನಮ್ಮ ನದೀತೀರದ ಹಳ್ಳಿಗಳೂ ನೀರಿನಲ್ಲಿ ಮುಳುಗಿದವು. ಹಲವು ದಿನ ನೀರಿನಲ್ಲಿ ನಿಂತ ಕಾರನ್ನು ತೊಳೆದು ಬಣ್ಣ ಹೊಡೆದರೆ ಹೊರಗಣ್ಣಿಗೆ ಏನೂ ತೋರುವುದಿಲ್ಲ. ಆದರೆ ನೆರೆಯ ಮೆಕ್ಕಲು ಮಣ್ಣು ಸುಳ್ಳು ಹೇಳದು. ಮುಂದೀಪದ ಬಟ್ಟಲನ್ನು ಬಿಚ್ಚಿಸಿ ನೋಡಬೇಕು. ಬಾಗಿಲಿನ ಒಳಹೊದಿಕೆಯನ್ನು ತೆಗೆಸಬೇಕು. ಆಸನದ ಸ್ಪ್ರಿಂಗುಗಳ ನಡುವೆ ಬೆರಳಾಡಿಸಬೇಕು. ಷಾಸಿಯ ಪೊಳ್ಳು ತೊಲೆಗಳಲ್ಲಿರುವ ತೂತಿಗೆ ತಂತಿಯನ್ನು ತೂರಿಸಿ ಎಳೆಯಬೇಕು. ಸಣ್ಣಗೆ ಒಣಗಿದ ಮಣ್ಣು ಬಂದರೆ, ಆ ಕಾರಿನ ಉಕ್ಕು ಒಳಗಿನಿಂದ ಕರಗುತ್ತಿದೆ ಎಂದರ್ಥ. ಇದನ್ನು ನೋಡಗೊಡದ ಮಾಲಿಕನಿಗೆ ನಮಸ್ಕರಿಸಿ ಮನೆಗೆ ಬರುವುದು.

ತುಕ್ಕಿನ ಪರೀಕ್ಷೆಗೆ ಒಂದು ಸಣ್ಣ ಅಯಸ್ಕಾಂತ ಸಾಕು. ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಕೆಳ ಅಂಚಿನಲ್ಲಿ, ಚಕ್ರಗಳ ಮೇಲಿನ ಕಮಾನಿನಲ್ಲಿ ಇಟ್ಟು ನೋಡಿದರೆ, ತಗಡಿರುವಲ್ಲಿ ಹಿಡಿಯುತ್ತದೆ, ಪುಟ್ಟಿ ಮೆತ್ತಿರುವಲ್ಲಿ ಜಾರುತ್ತದೆ. ಹೆರಾಲ್ಡಿನಲ್ಲಿ ಷಾಸಿ ಬೇರೆ, ಮೈ ಬೇರೆ. ಆದಕಾರಣ ಮೈ ಹೊಳೆಯುತ್ತಿದ್ದರೂ ಕೆಳಗಿನ ತೊಲೆಗಳು ಲಡ್ಡಾಗಿರಬಹುದು. ಎಂ.ಜಿ. ಟಿ.ಸಿ.ಯ ತಗಡಿನ ಒಳಗಿರುವುದು ಆಷ್ ಎಂಬ ಮರದ ಚೌಕಟ್ಟು. ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆತ್ತಿದಾಗ ಕೀಲಿನ ಕಂಬವೇ ಅಲುಗಿದರೆ ಮರ ಕೊಳೆತಿದೆ. ಹಾಗೆಂದು ಹೆದರಬೇಕಾಗಿಲ್ಲ, ನಮ್ಮಲ್ಲಿ ಬಡಗಿಗಳಿಗೆ ಬರವಿಲ್ಲ. ಬೆಲೆಯಲ್ಲಿ ಅದನ್ನು ಕಳೆದರಾಯಿತು.

ಎಂಜಿನ್ನಿನ ವಿಷಯದಲ್ಲಿ ಗಡಿನಾಡಿನವರು ಭಾಗ್ಯವಂತರು. ಕೊಲ್ಹಾಪುರದ ಉದ್ಯಮನಗರದಲ್ಲಿಯೂ ಬೆಳಗಾವಿಯ ಉದ್ಯಮಬಾಗದಲ್ಲಿಯೂ ಎರಕದ ಕಾರ್ಖಾನೆಗಳೂ ಲೇತ್ ಕೆಲಸದ ನಿಪುಣರೂ ಇದ್ದಾರೆ. ಬುಷ್, ಸ್ಲೀವುಗಳಂಥ ಭಾಗಗಳನ್ನು ಮಾದರಿ ತೋರಿಸಿ ಮಾಡಿಸಿಕೊಳ್ಳಬಹುದು. ಆದರೆ ಮಿಸ್ತ್ರಿಗೆ ಒಂದು ಮಾತನ್ನು ಮೊದಲೇ ತಿಳಿಸಬೇಕು. ಟಿ.ಸಿ.ಯ ಎಂಜಿನ್ನಿನ ಬೋಲ್ಟುಗಳ ತಲೆ ಇಂಗ್ಲಿಷ್ ಅಳತೆಯದು, ಹುರಿ ಮಾತ್ರ ಮೆಟ್ರಿಕ್ ಅಳತೆಯದು! ಮಾರಿಸ್ ಕಂಪೆನಿಯು 1923ರಲ್ಲಿ ಕೊಂಡ ಎಂಜಿನ್ ಕಾರ್ಖಾನೆ ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಯದಾಗಿತ್ತು. ಅಲ್ಲಿನ ಯಂತ್ರಗಳು ಕೊರೆಯುತ್ತಿದ್ದುದು ಮೆಟ್ರಿಕ್ ಹುರಿಯನ್ನು. ಯಂತ್ರ ಬದಲಿಸುವ ಖರ್ಚಿಗಿಂತ ಬೋಲ್ಟಿನ ತಲೆಯನ್ನು ಬದಲಿಸುವುದು ಅಗ್ಗವಾಯಿತು. ಇದನ್ನರಿಯದ ಕೈ ಬಲವಂತವಾಗಿ ಬೇರೆ ಬೋಲ್ಟನ್ನು ತಿರುಪಿದರೆ ಸಿಲಿಂಡರಿನ ಹುರಿಯೇ ಹಾಳು. ಬ್ಯಾಟರಿಯ ಸಂಗತಿಯೂ ಹಾಗೆಯೇ: ಆ ಕಾರಿನಲ್ಲಿ ಧನಧ್ರುವವು ಷಾಸಿಗೆ ಜೋಡಣೆಯಾಗುತ್ತದೆ, ಇಂದಿನ ಪದ್ಧತಿಗೆ ತಿರುಗುಮುರುಗು.

ತಂತಿಯ ಅರಗಳುಳ್ಳ ಚಕ್ರಗಳನ್ನು ಚಮಚದಿಂದ ಒಂದೊಂದಾಗಿ ತಟ್ಟಿ ನೋಡಬೇಕು. ಬಿಗಿಯಾದ ಅರ ಝಣ್ ಎನ್ನುತ್ತದೆ. ಸಡಿಲವಾದುದು ಟಕ್ ಎಂದು ಸುಮ್ಮನಾಗುತ್ತದೆ.

ಈಗ ಪೆಟ್ರೋಲಿನ ಮಾತು. ಇದರಲ್ಲಿ ನಮ್ಮ ಹೊಲದ ಪಾಲೂ ಇದೆ. ಉಗಾರ, ಅಥಣಿ, ರಾಯಬಾಗಗಳ ಕಡೆ ಬೆಳೆಯುವ ಕಬ್ಬು ಈಗ ಸಕ್ಕರೆಯಷ್ಟೇ ಆಗುವುದಿಲ್ಲ, ಎಥೆನಾಲೂ ಆಗುತ್ತದೆ. ಶೇಕಡ ಇಪ್ಪತ್ತು ಎಥೆನಾಲು ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾಗಿ, 2025ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಬೆಳೆಗಾರನಿಗೆ ಇದರಿಂದ ಲಾಭವುಂಟು. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಬೆಳೆಗಾರನು ಹಳೆಯ ಕಾರನ್ನು ಕೊಂಡರೆ ತನ್ನ ಕಬ್ಬಿನೊಡನೆಯೇ ಹೋರಾಡಬೇಕಾಗುತ್ತದೆ. ಎಥೆನಾಲು ಹಳೆಯ ರಬ್ಬರು ನಳಿಗೆಗಳನ್ನು ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ನೀರನ್ನು ಬಿಡುತ್ತದೆ. ಅಲ್ಲಿಂದ ತುಕ್ಕಿನ ಚೂರುಗಳು ಕಾರ್ಬ್ಯುರೇಟರಿಗೆ ಬರುತ್ತವೆ. ಅದರಲ್ಲಿ ಆಮ್ಲಜನಕ ಸೇರಿರುವುದರಿಂದ ಮಿಶ್ರಣವು ಸಪ್ಪೆಯಾಗಿ ಎಂಜಿನ್ನು ಬೇಗ ಕಾಯುತ್ತದೆ. ಅಥಣಿಯ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಂಡ ವಾರವೇ ಎಲ್ಲ ನಳಿಗೆಗಳನ್ನೂ ವೈಟನ್ ಎಂಬ ರಬ್ಬರಿನವಕ್ಕೆ ಬದಲಿಸಿ, ಕಾರ್ಬ್ಯುರೇಟರನ್ನು ತುಸು ಗಟ್ಟಿ ಮಿಶ್ರಣಕ್ಕೆ ಹೊಂದಿಸಿಕೊಳ್ಳಬೇಕು. ಮಳೆಗಾಲದಲ್ಲಿ ಗಾಡಿಯನ್ನು ನಿಲ್ಲಿಸುವವರು ಟ್ಯಾಂಕನ್ನು ಬರಿದುಮಾಡಿ ನಿಲ್ಲಿಸಲಿ. 2000ನೆಯ ಇಸವಿಯಲ್ಲಿ ಸೀಸ ಬೆರೆತ ಪೆಟ್ರೋಲು ನಿಂತುಹೋದುದರಿಂದ, ಎಂಜಿನ್ನಿನ ತಲೆಯನ್ನು ಬಿಚ್ಚಿದಾಗ ವಾಲ್ವಿನ ಪೀಠಗಳಿಗೆ ಗಟ್ಟಿ ಉಕ್ಕಿನ ಉಂಗುರಗಳನ್ನು ಹಾಕಿಸುವುದೂ ವಿಹಿತ.

ಅಥಣಿಯಲ್ಲಿ ಚರ್ಮದ ಕೆಲಸ ಪ್ರಸಿದ್ಧವಾದುದರಿಂದ ಆಸನಗಳ ಹೊದಿಕೆಯನ್ನು ಅಲ್ಲಿಯೇ ಮಾಡಿಸೋಣವೆಂದು ಕೆಲವರಿಗೆ ತೋಚುತ್ತದೆ. ಆ ಕುಶಲಿಗಳ ಕೈ ನಿಸ್ಸಂಶಯವಾಗಿ ದೊಡ್ಡದು. ಆದರೆ ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಚಪ್ಪಲಿಯ ಚರ್ಮ ದಪ್ಪ, ಬಿರುಸು. ಆಸನಕ್ಕೆ ಬೇಕಾದುದು ತೆಳ್ಳನೆಯ ಮೆದು ಚರ್ಮ. ಮುಚ್ಚಿಗೆಯ ಪಟ್ಟಿಗಳನ್ನು, ಬಾನೆಟ್ಟಿನ ಬೆಲ್ಟನ್ನು ಅಲ್ಲಿ ಮಾಡಿಸಿದರೆ ತಲೆಮಾರು ಬಾಳುತ್ತವೆ.

ಓಡಿಸಿ ನೋಡಲು ಊರೊಳಗಿನ ಸುತ್ತು ಸಾಲದು. ನಿಪ್ಪಾಣಿಯ ಬಳಿಯ ಸ್ತವನಿಧಿ ಘಾಟಿಗೆ ಒಯ್ಯಿರಿ. ಏರುವಾಗ ನೀರಿನ ಉಷ್ಣವನ್ನೂ ಎಣ್ಣೆಯ ಒತ್ತಡವನ್ನೂ ಗಮನಿಸುವುದು. ಹಿಂದಿನಿಂದ ನೀಲಿ ಹೊಗೆ ಬರುತ್ತಿದೆಯೇ ಎಂದು ಜೊತೆಗಾರರು ನೋಡುವುದು. ಇಳಿಯುವಾಗ ಬ್ರೇಕಿನ ಪರೀಕ್ಷೆ. ಟಿ.ಸಿ., ಹೆರಾಲ್ಡುಗಳಲ್ಲಿರುವುದು ಡ್ರಮ್ಮು ಬ್ರೇಕು. ಮತ್ತೆ ಮತ್ತೆ ತುಳಿದಾಗ ಕಾದು ಹಿಡಿತ ಬಿಡುತ್ತದೆ. ಎರಡನೆಯ ಗೇರಿನಲ್ಲಿ ಇಳಿಯುವ ತಾಳ್ಮೆಯಿಲ್ಲದವರು ಈ ಕಾರುಗಳ ಗೊಡವೆಗೆ ಹೋಗಬಾರದು. ಕಬ್ಬಿನ ಹಂಗಾಮಿನಲ್ಲಿ ಸಂಜೆಯ ಮೇಲೆ ಇವನ್ನು ರಸ್ತೆಗೆ ತರಲೇಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು, ಹಿಂದೀಪವಿಲ್ಲದೆ ಸಾಗುವ ಟ್ರ್ಯಾಕ್ಟರುಗಳ ಹಿಂದೆ, ಮಂಕು ದೀಪದ, ಪಟ್ಟಿಯಿಲ್ಲದ, ಸೊಂಟದೆತ್ತರದ ಕಾರು ಹೋಗುವಾಗ, ಹೊರಚಾಚಿದ ಕಬ್ಬಿನ ಜಲ್ಲೆಗಳು ಸರಿಯಾಗಿ ಚಾಲಕನ ಮುಖದ ಮಟ್ಟದಲ್ಲಿರುತ್ತವೆ.

ಇನ್ನು ಹಣ. ಕಾರ್ಖಾನೆಯ ಕಬ್ಬಿನ ಬಿಲ್ಲು ಕೈಗೆ ಬಂದ ದಿನ ಕಾರನ್ನು ನೋಡಹೋಗಬೇಡಿ. ಗೊತ್ತುಮಾಡಿದ ಮೊತ್ತದಲ್ಲಿ ಮೂರರಲ್ಲೊಂದು ಪಾಲನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆಯಿಟ್ಟು, ಉಳಿದುದರಲ್ಲಿ ಸಿಗುವ ಕಾರನ್ನೇ ಹುಡುಕಬೇಕು. ಐದು ವರ್ಷ ದಾಟಿದ ಗಾಡಿಯ ವಿಮಾಮೌಲ್ಯವನ್ನು ಕಂಪೆನಿಯೂ ಮಾಲಿಕನೂ ಒಪ್ಪಿ ಗೊತ್ತುಮಾಡಿಕೊಳ್ಳುವುದು ಪದ್ಧತಿಯಾದುದರಿಂದ, ನಾಲ್ಕು ಬದಿಯ ಚಿತ್ರಗಳನ್ನೂ ರಿಪೇರಿಯ ರಸೀದಿಗಳನ್ನೂ ಮೊದಲ ದಿನದಿಂದಲೇ ಜೋಡಿಸಿಡಬೇಕು. ವ್ಯವಹಾರ ಕುದುರಿದ ಮೇಲೆಯೂ ಪೂರ್ತಿ ಹಣವನ್ನು ಎಣಿಸಿ ಕೊಡಬೇಡಿ. ಗಡಿಯಾಚೆಯ ಕಾರಾದರೆ, ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಒಂದು ಭಾಗವನ್ನು ಉಳಿಸಿಕೊಳ್ಳುವುದಾಗಿ ಬರೆದುಕೊಂಡು, ಇಬ್ಬರು ಸಾಕ್ಷಿಗಳ ಸಹಿಯನ್ನು ಹಾಕಿಸಿಕೊಳ್ಳುವುದು. ಇದಕ್ಕೆ ಒಪ್ಪದ ಮಾರಾಟಗಾರನು ಎಷ್ಟು ಸಜ್ಜನನಾದರೂ ಅವನ ಕಾರು ಅವನಲ್ಲಿಯೇ ಇರಲಿ.